ಊರ ಕೆರೆಗೆ ಹಕ್ಕಿ ಬರಬೇಕಂದ್ರೆ ಮೊದಲು ದಂಡೆ ನೋಡಿ

ನಮ್ಮೂರ ಕೆರೆಯ ಹೂಳೆತ್ತಿದ ವರ್ಷ ಎಲ್ಲರಿಗೂ ಖುಷಿ. ಎರಡು ಹಿಟಾಚಿ, ಸಾಲು ಸಾಲು ಟ್ರ್ಯಾಕ್ಟರ್, ಹೊಲಕ್ಕೆಲ್ಲ ಕಪ್ಪು ಮಣ್ಣು. ನಮ್ಮ ಹೊಲಕ್ಕೂ ಹನ್ನೆರಡು ಟ್ರಿಪ್ ಬಂತು. ಮುಂದೆ ಕಾಲುವೆ ನೀರು ಬಂದು ಕೆರೆ ತುಂಬಿತು, ಬೋರ್‌ವೆಲ್‌ಗಳಲ್ಲಿ ನೀರು ಏರಿತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಚಳಿಗಾಲ ಹಕ್ಕಿ ಬರಲಿಲ್ಲ. ಬಂದ ನಾಲ್ಕಾರು ಬಣ್ಣದ ಕೊಕ್ಕರೆ ಮೇಲೆ ಒಂದು ಸುತ್ತು ಹಾಕಿ ಹಾಗೇ ಹೋದವು. ಅಷ್ಟು ನೀರಿದ್ದರೂ ಯಾಕೆ ಇಳಿಯಲಿಲ್ಲ ಅಂತ ತಿಳಿಯೋಕೆ ನನಗೆ ಎರಡು ವರ್ಷ ಬೇಕಾಯಿತು. ಆಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಕೆರೆ ಇರುವ ಯಾವ ಊರಿನವರಾದರೂ ಇದನ್ನು ಮಾಡಬಹುದು.

ವಿಷಯ ಇಷ್ಟೇ. ನೀರುಹಕ್ಕಿಗಳಲ್ಲಿ ಬಹಳಷ್ಟಕ್ಕೆ ಆಳದ ನೀರು ಬೇಡ, ದಂಡೆ ಬೇಕು. ಗೊರವಗಳಿಗೆ ಒದ್ದೆ ರಾಡಿ ಸಾಕು, ಅದರೊಳಗಿನ ಹುಳ ಹೆಕ್ಕುತ್ತವೆ. ಮೆಟ್ಟುಗಾಲು ಹಕ್ಕಿಗೆ ಗೇಣುದ್ದ ನೀರು. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ನೀರಲ್ಲಿ ನಿಂತೇ ಕೊಕ್ಕು ಆಡಿಸಿ ಮೀನು ಹಿಡಿಯುತ್ತವೆ, ಕಾಲಿಗೆ ನೆಲ ಸಿಗದಿದ್ದರೆ ಅವಕ್ಕೆ ಊಟವೇ ಇಲ್ಲ. ನೀರುಕಾಗೆ, ಹಾವಕ್ಕಿಯಂಥ ಕೆಲವು ಮಾತ್ರ ಮುಳುಗಿ ಬೇಟೆಯಾಡುತ್ತವೆ. ನಮ್ಮ ಕೆರೆಯನ್ನು ನಾಲ್ಕೂ ಕಡೆ ಗೋಡೆ ಹಾಗೆ ಕಡಿದು ಬಿಟ್ಟಿದ್ದರು. ಒಂದು ಹೆಜ್ಜೆ ಇಟ್ಟರೆ ಎದೆಮಟ್ಟ ನೀರು. ಅದು ಕೆರೆ ಹೋಗಿ ಬಾವಿ ಆಗಿತ್ತು. ದನ ಇಳಿಯೋಕೂ ಆಗುತ್ತಿರಲಿಲ್ಲ, ಮಕ್ಕಳಿಗಂತೂ ಅಪಾಯ.

ಹಾಗಾಗಿ ನಿಮ್ಮೂರಲ್ಲಿ ಹೂಳೆತ್ತುವ ಮಾತು ಬಂದರೆ, ಕೆಲಸ ಶುರುವಾಗುವ ಮುಂಚೆಯೇ ಗ್ರಾಮಸಭೆಗೆ ಹೋಗಿ ಕೂತು ಕೆಲವು ಮಾತು ಬರೆಸಿ. ಯಂತ್ರ ಬಂದ ಮೇಲೆ ಯಾರೂ ಕೇಳುವುದಿಲ್ಲ. ಒಂದು, ಆಳ ಬೇಕಾದರೆ ತೂಬಿನ ಕಡೆ, ಒಡ್ಡಿಗೆ ಧಕ್ಕೆಯಾಗದಷ್ಟು ದೂರ ಬಿಟ್ಟು ತೆಗೆಯಲಿ. ಹಳ್ಳದ ನೀರು ಬಂದು ಸೇರುವ ಕಡೆಯ ಅಂಗಳವನ್ನು ಇಳಿಜಾರಾಗಿಯೇ ಬಿಡಲಿ. ಅಳತೆ ಹೇಳೋಕೆ ಸುಲಭದ ದಾರಿ ಇದೆ: ನೀರಿನ ಅಂಚಿಂದ ಹತ್ತು ಹೆಜ್ಜೆ ಒಳಗೆ ನಡೆದರೂ ಮೊಣಕಾಲು ಮುಳುಗಬಾರದು. ಇಂಜಿನಿಯರ್‌ಗೂ ಇದು ತಿಳಿಯುತ್ತದೆ, ಹಿಟಾಚಿ ಓಡಿಸುವ ಹುಡುಗನಿಗೂ ತಿಳಿಯುತ್ತದೆ. ಎರಡು, ಇಡೀ ಕೆರೆಯನ್ನು ಒಂದೇ ಬೇಸಿಗೆಯಲ್ಲಿ ಕೆರೆಯಬೇಡಿ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ಮಾಡಿದರೆ ಉಳಿದ ಅರ್ಧದಲ್ಲಿ ಜೊಂಡು, ಬಸವನಹುಳು, ಕಪ್ಪೆ ಎಲ್ಲ ಉಳಿಯುತ್ತವೆ, ಮುಂದೆ ಅವೇ ಆಚೆ ಕಡೆ ಹಬ್ಬುತ್ತವೆ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟದ್ದು: ತೆಗೆದ ಗರಸನ್ನು ಹೊರಗೆ ಸಾಗಿಸುವ ಬದಲು ಕೆರೆಯೊಳಗೇ ದಂಡೆಯಿಂದ ದೂರ ಒಂದು ಗುಡ್ಡೆ ಹಾಕಿಸಿ. ಕೆರೆ ತುಂಬಿದಾಗ ಅದು ನಡುಗಡ್ಡೆ ಆಗುತ್ತದೆ. ಸುತ್ತ ನೀರಿದ್ದರೆ ನಾಯಿ, ಮುಂಗುಸಿ ಸುಲಭಕ್ಕೆ ಹೋಗಲಾರವು. ಡೀಸೆಲ್ ಖರ್ಚೂ ಉಳಿಯುತ್ತದೆ, ಇದನ್ನು ಹೇಳಿದರೆ ಗುತ್ತಿಗೆದಾರರು ಬೇಗ ಒಪ್ಪುತ್ತಾರೆ.

ದಂಡೆಗೆಲ್ಲ ಕಲ್ಲು ಹೊದಿಸಿ ವಾಕಿಂಗ್ ಪಾತ್ ಮಾಡಬೇಕು ಅನ್ನುವವರು ಈಗ ಜಾಸ್ತಿ. ಒಡ್ಡಿಗೆ ಕಲ್ಲು ಬೇಕು, ಒಪ್ಪೋಣ. ಉಳಿದ ಮೂರು ಕಡೆಗೆ ಖಂಡಿತ ಬೇಡ.

ಕೆಲಸ ಶುರುವಾಗುವ ಹಿಂದಿನ ದಿನ ಒಣಗಿದ ಅಂಗಳದಲ್ಲಿ ಒಂದು ಸುತ್ತು ನಡೆಯಿರಿ. ಮಾರ್ಚ್, ಏಪ್ರಿಲ್, ಮೇ ಅಂದರೆ ಟಿಟ್ಟಿಭ ಬರಿ ನೆಲದ ಮೇಲೆ ಮೊಟ್ಟೆ ಇಡುವ ಕಾಲ. ಗೂಡು ಅಂತ ಏನೂ ಇರುವುದಿಲ್ಲ, ಸಣ್ಣ ಕುಳಿ, ಸುತ್ತ ಹರಳುಕಲ್ಲು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆ ಮಣ್ಣಿನ ಬಣ್ಣಕ್ಕೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆದರೆ ಹಕ್ಕಿಯೇ ನಿಮಗೆ ತಿಳಿಸುತ್ತದೆ, ತಲೆ ಮೇಲೆ ಕಿರುಚುತ್ತಾ ಎರಗಿ ಬಂದರೆ ಗೂಡು ಹತ್ತಿರದಲ್ಲೇ ಇದೆ. ಬಿಸಿಲು ಏರಿದಾಗ ಅದು ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾನು ಮೊದಲ ಸಲ ಅದನ್ನು ನೋಡಿದ ದಿನ ಮನೆಗೆ ಬಂದು ಎಲ್ಲರಿಗೂ ಹೇಳಿದ್ದೆ. ಅಂಥ ಗೂಡು ಸಿಕ್ಕರೆ ನಾಲ್ಕು ಮಾರು ದೂರದಲ್ಲಿ ಜಾಲಿಕೊಂಬೆ ಇಟ್ಟು ಗುರುತು ಮಾಡಿ, ಟ್ರ್ಯಾಕ್ಟರ್‌ನವರಿಗೆ ತೋರಿಸಿ, ನೀವು ದೂರ ಬನ್ನಿ. ಮರಿ ಹೊರಬಂದ ಸ್ವಲ್ಪ ಹೊತ್ತಿಗೇ ನಡೆದು ಹೋಗುತ್ತವೆ. ಅಲ್ಲಿಯವರೆಗೆ ತಡೆದರೆ ಸಾಕು. ಇನ್ನೊಂದು ಮಾತು, ಬೇಸಿಗೆಯಲ್ಲಿ ಕಾಲುವೆಯಿಂದ ಕೆರೆ ತುಂಬಿಸುವುದಾದರೆ ನೀರು ಬಿಡುವವರಿಗೆ ಮುಂಚೆಯೇ ಗೂಡಿನ ಜಾಗ ಹೇಳಿ. ಒಂದೇ ರಾತ್ರಿಗೆ ಗೂಡುಗಳೆಲ್ಲ ಮುಳುಗಿದ್ದನ್ನು ನಾನು ನೋಡಿದ್ದೇನೆ.

ಮರದ ವಿಷಯಕ್ಕೆ ಬರುತ್ತೇನೆ. ಒಡ್ಡಿನ ಮೇಲೆ ಗಿಡ ಹಚ್ಚಬೇಡಿ, ಬೇರು ಇಳಿದು ಒಡ್ಡು ಸಡಿಲಾಗುತ್ತದೆ. ಅಂಗಳದ ಮೇಲಂಚಿಗೆ ಕರಿಜಾಲಿ ಹಚ್ಚಿ. ಅದು ಕೆಲ ತಿಂಗಳು ನೀರಲ್ಲಿ ನಿಂತರೂ ಸಾಯುವುದಿಲ್ಲ, ಮುಳ್ಳು ಇರುವುದರಿಂದ ಗೂಡಿಗೆ ರಕ್ಷಣೆ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ನೋಡಿ, ಕೆರೆಯೊಳಗೆ ಹಚ್ಚಿದ ಜಾಲಿ ಗಿಡಗಳೇ ಇವತ್ತು ಕೊಕ್ಕರೆಗಳ ಊರಾಗಿವೆ. ಅದೂ, ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿ ಸೇರಿದವು. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತದೆ. ಎರಡೂ ಊರ ಕೆರೆಗಳೇ, ದೊಡ್ಡ ಕಾಡಿನ ನಡುವೆ ಇರುವಂಥವಲ್ಲ. ಬಳ್ಳಾರಿ ಜಾಲಿ ಬೆಳೆದಿದ್ದರೆ ಏನು ಮಾಡೋದು ಅಂತ ಹಲವರು ಕೇಳುತ್ತಾರೆ. ಅದು ಅಂಗಳವನ್ನೆಲ್ಲ ನುಂಗುತ್ತದೆ, ನಿಜ. ಆದರೆ ಈಗ ಅದರ ಮೇಲೇ ಬೆಳ್ಳಕ್ಕಿ ಗೂಡು ಕಟ್ಟಿದ್ದರೆ ಒಮ್ಮೆಲೇ ಬೋಳಿಸಬೇಡಿ. ಕರಿಜಾಲಿ ಎತ್ತರ ಬರಲಿ, ಆಮೇಲೆ ಒಂದೊಂದು ಪಟ್ಟಿ ತೆಗೆಯಿರಿ, ಅದೂ ಗೂಡು ಖಾಲಿ ಇರುವಾಗ.

ಒಣಗಿ ನಿಂತ ಮರವನ್ನೂ ಉರುವಲಿಗೆ ಕಡಿಯಬೇಡಿ. ಹಾವಕ್ಕಿಯ ಗರಿ ನೀರು ಹೀರುತ್ತದೆ, ಮುಳುಗಿ ಬಂದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸೋಕೆ ಅದಕ್ಕೆ ಬೋಳು ಕೊಂಬೆ ಬೇಕು. ಖಾನಾಪುರ ಕಡೆಯವರಿಗೆ ಈ ಮಾತು ಇನ್ನೂ ಮುಖ್ಯ. ಭೀಮಗಡದ ಕಾಡಿನ ಮಂಗಟ್ಟೆಗೆ ಹಳೇ ಮರದ ಪೊಟರೆಯೇ ಮನೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸಂದಿಯಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಪೊಟರೆ ಇರುವ ಮರ, ಸುತ್ತಲಿನ ಆಲ, ಅತ್ತಿ, ಬಸರಿ ಹೋದರೆ ಅದು ಮತ್ತೆಲ್ಲಿ ಹೋಗಬೇಕು? ನಿಮ್ಮ ಹೊಲದ ಬದುವಿನಲ್ಲಿ ಅಂಥ ಮರ ಇದ್ದರೆ ಉಳಿಸಿ.

ಇನ್ನು ಆಲಮಟ್ಟಿ ಹಿನ್ನೀರಿನ ದಂಡೆಯವರಿಗೆ. ಕೊರ್ತಿ-ಕೊಲ್ಹಾರ ಸೇತುವೆ ದಾಟುವವರು ಬೇಸಿಗೆಯಲ್ಲಿ ನೀರು ಹಿಂದೆ ಸರಿದಿದ್ದು ನೋಡಿರುತ್ತೀರಿ. ಹಾಗೆ ಸರಿದಾಗ ನೀರಿನಿಂದ ಮೇಲೆ ಕಾಣುವ ದಿಬ್ಬಗಳ ಮೇಲೆ ನದಿ ರೀವ, ಚಿಟವ ಮೊಟ್ಟೆ ಇಡುತ್ತವೆ. ಬಿಳಿ-ಗುಲಾಬಿ ರಾಜಹಂಸಗಳು ಬಂದು ತಲೆಕೆಳಗು ಮಾಡಿ ತೆಳು ನೀರನ್ನು ಸೋಸಿ ತಿನ್ನುವುದು ಇಂಥ ಕಡೆಯೇ. ಫೆಬ್ರವರಿಯಿಂದ ಮೇ ತನಕ ಆ ದಿಬ್ಬಗಳಿಗೆ ತೆಪ್ಪದಲ್ಲಿ ಹೋಗಬೇಡಿ, ನಾಯಿ, ಕುರಿ ದಾಟಿಸಬೇಡಿ. ಫೋಟೋಕ್ಕಾಗಿ ಸುಮ್ನೆ ಹತ್ತಿರ ಹೋಗಿ ಎಬ್ಬಿಸುವುದು, ಡ್ರೋನ್ ಹಾರಿಸುವುದು ತುಂಬಾ ಕೆಟ್ಟ ಕೆಲಸ. ತಾಯಿ ಹಕ್ಕಿ ಎದ್ದು ಹೋದರೆ ಏಪ್ರಿಲ್ ಬಿಸಿಲಿಗೆ ಸ್ವಲ್ಪ ಹೊತ್ತಲ್ಲೇ ಮೊಟ್ಟೆ ಕೆಡುತ್ತದೆ. ಹಕ್ಕಿ ತಿನ್ನುವುದು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ನೋಡಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ, ಎರಡು ಹೆಜ್ಜೆ ಹಿಂದೆ ಸರಿಯಿರಿ.

ಮೀನು ಗುತ್ತಿಗೆ ಕೊಡುವಾಗಲೂ ಕರಾರಿನಲ್ಲಿ ಎರಡು ಸಾಲು ಸೇರಿಸಿ: ಹಕ್ಕಿ ಓಡಿಸೋಕೆ ಪಟಾಕಿ ಹೊಡೆಯಬಾರದು, ಹರಿದ ಬಲೆ ಕೆರೆಯಲ್ಲಿ ಬಿಡಬಾರದು. ಸಣ್ಣ ನೈಲಾನ್ ಎಳೆಯ ಬಲೆ ವರ್ಷಗಟ್ಟಲೆ ಕೊಳೆಯುವುದಿಲ್ಲ, ಖಾಲಿ ಬಿದ್ದಲ್ಲೇ ಹಕ್ಕಿ ಕೊಲ್ಲುತ್ತಿರುತ್ತದೆ. ಮೀನುಗಾರರನ್ನು ವೈರಿ ಮಾಡಿಕೊಳ್ಳಬೇಡಿ, ಕೆರೆಯಲ್ಲಿ ಎಲ್ಲಿ ಏನಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ದ್ರಾಕ್ಷಿ, ದಾಳಿಂಬೆ ತೋಟದವರು ಔಷಧಿ ಹೊಡೆದ ಟ್ಯಾಂಕ್ ಕೆರೆಯಲ್ಲಿ ತೊಳೆಯುವುದನ್ನು ನಿಲ್ಲಿಸಬೇಕು. ನೀರು ಒಯ್ದು ಹೊಲದಲ್ಲೇ ತೊಳೆಯಲಿ.

ಬಲೆಗೆ ಸಿಕ್ಕ ಹಕ್ಕಿ ಕಂಡರೆ ಎಳೆಯಬೇಡಿ. ಮೊದಲು ತಲೆ ಮೇಲೆ ಬಟ್ಟೆ ಹಾಕಿ, ಕತ್ತಲಾದರೆ ಸುಮ್ಮನಾಗುತ್ತದೆ. ಕೊಕ್ಕರೆ ಜಾತಿಯವು ಕಣ್ಣಿಗೇ ಕೊಕ್ಕು ಹಾಕುತ್ತವೆ, ಮುಖ ದೂರ ಇರಲಿ. ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ. ಗಾಯ ಆಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಮನೆಯಲ್ಲಿ ಸಾಕುವುದಂತೂ ಬೇಡವೇ ಬೇಡ. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಹಕ್ಕಿಜ್ವರ ಇರಬಹುದು. ಉರುಲು ಹಾಕುವವರು, ಮೊಟ್ಟೆ ಕದಿಯುವವರು ಕಂಡರೂ ಅದೇ 1926. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಗೂಡು, ಮೊಟ್ಟೆ ಕೆಡಿಸುವುದೂ ಬೇಟೆಯೇ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೇಳಿದರೆ ಅರ್ಧ ಜನ ತಾವೇ ಬಿಡುತ್ತಾರೆ.

ಒತ್ತುವರಿ ಆಗಿರುವ ಕೆರೆಗೆ ಮೊದಲ ಕೆಲಸ ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು ಮಾಡಿಸುವುದು. ಸರ್ವೆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಗೆ ಪಂಚಾಯಿತಿಯಿಂದಲೇ ಅರ್ಜಿ ಹೋಗಲಿ. ಒಬ್ಬರೇ ಹೋದರೆ ಊರಲ್ಲಿ ಜಗಳ ಆಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಇದೆಯಾ ಅಂತ ಪಿಡಿಒ ಅವರನ್ನು ಕೇಳಿ, ಇದ್ದರೆ ಅದರ ಮೂಲಕವೇ ಹೋಗಿ.

ಇಷ್ಟೆಲ್ಲದಕ್ಕೂ ನಿಮ್ಮ ಕೈಲಿ ಒಂದು ವಹಿ ಇರಬೇಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲೋಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವಲ್ಲ, ಊಟ ಆದ ಮೇಲೆ ಮಕ್ಕಳನ್ನು ಕೆರೆ ಕಡೆ ಕರೆದುಕೊಂಡು ಹೋಗಿ ಎಣಿಸೋಕೆ ಶುರು ಮಾಡಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿಯೂ ನಡೆಯುತ್ತದೆ, 1987ರಿಂದ ನಡೆದು ಬಂದಿದ್ದು. ಎಣಿಸಿದ್ದನ್ನು ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಆಪ್‌ಗೆ ಹಾಕಿದರೆ ನಿಮ್ಮೂರ ಕೆರೆಯ ಹೆಸರೂ ದಾಖಲೆಗೆ ಸೇರುತ್ತದೆ. ಹೆಸರು ಗೊತ್ತಾಗದ ಹಕ್ಕಿಗೆ ಕಾಲಿನ ಬಣ್ಣ, ಕೊಕ್ಕಿನ ಆಕಾರ ಬರೆದಿಡಿ ಸಾಕು. ಜೊತೆಗೆ ಒಂದು ವಿಷಯ ಮರೆಯದೆ ಬರೆಯಿರಿ: ಅವತ್ತು ನೀರು ತೂಬಿನ ಎಷ್ಟನೇ ಮೆಟ್ಟಿಲಿಗೆ ಇತ್ತು ಅಂತ. ನನ್ನ ವಹಿಯಲ್ಲಿ ನೀರು ನಾಲ್ಕು ಮೆಟ್ಟಿಲು ಇಳಿದ ವಾರಗಳಲ್ಲೇ ಹಕ್ಕಿ ಜಾಸ್ತಿ ಇವೆ, ಕೆರೆ ತುಂಬಿ ತುಳುಕುವಾಗ ಅಲ್ಲ. ಕಳೆದ ಬೇಸಿಗೆಯ ಸಭೆಯಲ್ಲಿ ಆ ಪುಟಗಳನ್ನೇ ತೆಗೆದು ತೋರಿಸಿದೆ. ಹಳ್ಳದ ಕಡೆಯ ದಂಡೆಯನ್ನು ಮತ್ತೆ ಇಳಿಜಾರು ಮಾಡೋಕೆ ಒಪ್ಪಿದರು. ಈ ಸಲದ ಡಿಸೆಂಬರ್‌ನಲ್ಲಿ ಅಲ್ಲಿ ಹನ್ನೊಂದು ಮೆಟ್ಟುಗಾಲು ಹಕ್ಕಿ ಇಳಿದಿದ್ದವು.