ಬ್ಯಾಕೆಂಡ್ ಅಸೈನ್‌ಮೆಂಟ್‌ಗೆ ನಾನು ಕಟ್ಟಿದ ಸ್ಟಾರ್ಟರ್ ಪ್ರಾಜೆಕ್ಟ್

ನಮ್ಮದು ಕಲಬುರಗಿಯ ಸಣ್ಣ ಸಾಫ್ಟ್‌ವೇರ್ ತಂಡ. ಬ್ಯಾಕೆಂಡ್ (ಆ್ಯಪ್‌ನ ಹಿಂದೆ ಸರ್ವರ್‌ನಲ್ಲಿ ಓಡುವ ಭಾಗ) ಕೆಲಸ ಕೇಳಿ ಬರುವವರು ಹೆಚ್ಚಾಗಿ ಇಲ್ಲಿಯವರೇ, ಇಲ್ಲಾಂದ್ರೆ ಬೀದರ್, ಯಾದಗಿರಿ ಕಡೆಯವರು. ಅವರಿಗೆ ಪರೀಕ್ಷೆಯಾಗಿ ಒಂದು ಅಸೈನ್‌ಮೆಂಟ್ ಕೊಡುತ್ತೇವೆ. ಖಾಲಿ ಫೋಲ್ಡರ್ ಕೊಟ್ಟು ಒಂದು ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕೇಳುವ ಬಾಗಿಲು) ಬರೆದು ಕಳಿಸಿ ಅಂದರೆ ಅವರ ಸಮಯವೆಲ್ಲ ಡೇಟಾಬೇಸ್ ಜೋಡಿಸುವುದರಲ್ಲೇ ಹೋಗುತ್ತದೆ. ನನಗೆ ಬೇಕಿರೋದು ಅವರು ಹೇಗೆ ಯೋಚಿಸುತ್ತಾರೆ ಅನ್ನೋದು. ಹಾಗಾಗಿ ಜೋಡಿಸುವ ಕೆಲಸವನ್ನೆಲ್ಲ ನಾನೇ ಮುಗಿಸಿ ಈ ಸ್ಟಾರ್ಟರ್ ಪ್ರಾಜೆಕ್ಟ್ ಮಾಡಿಟ್ಟೆ.

ಮೊದಲು ಡಾಕರ್ (ಪ್ರೋಗ್ರಾಂಗೆ ಬೇಕಾದ್ದನ್ನೆಲ್ಲ ಒಂದೇ ಪೊಟ್ಟಣವಾಗಿ ಓಡಿಸುವ ಸಾಧನ) ಬೇಡ ಅಂತ ತೀರ್ಮಾನಿಸಿದೆ. ಅಭ್ಯರ್ಥಿ ಹತ್ತಿರ 4 ಜಿಬಿ ರ್‍ಯಾಮ್‌ನ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇರಬಹುದು, ಇಂಟರ್‌ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಬರುತ್ತಿರಬಹುದು. ನೂರಾರು ಎಂಬಿ ಇಳಿಸಿಕೊಳ್ಳಿ ಅಂತ ಹೇಳುವುದು ನ್ಯಾಯವಲ್ಲ. ಪೈಥಾನ್ ಭಾಷೆ, ಅದರಲ್ಲಿ ವೆಬ್ ಸೇವೆ ಬರೆಯಲು ಫ್ಲಾಸ್ಕ್, ಸಣ್ಣ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಸಾಕು, ಎಸ್‌ಕ್ಯೂಲೈಟ್ ಅಂತೂ ಪೈಥಾನ್ ಜೊತೆಗೇ ಬರುತ್ತದೆ. ಫ್ಲಾಸ್ಕ್ ತರದ್ದೇ ಆದ ಫಾಸ್ಟ್‌ಎಪಿಐ ನನಗೂ ಇಷ್ಟ, ಆದರೆ ಅದಕ್ಕೆ ಬೇಕಾದ ಪೈಡ್ಯಾಂಟಿಕ್ ಅನ್ನುವ ಪ್ಯಾಕೇಜಿನ ಒಳಭಾಗ ರಸ್ಟ್ ಭಾಷೆಯಲ್ಲಿದೆ, ಪ್ರತಿ ಆಪರೇಟಿಂಗ್ ಸಿಸ್ಟಮ್‌ಗೂ ಪೈಥಾನ್ ಆವೃತ್ತಿಗೂ ಬೇರೆ ಫೈಲ್ ಇಡಬೇಕಾಗುತ್ತಿತ್ತು. ಬೇಕಾದ ಪ್ಯಾಕೇಜುಗಳನ್ನೆಲ್ಲ ಜಿಪ್ ಒಳಗೇ ಇಟ್ಟಿದ್ದೇನೆ, ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ (ಒಂದು ಟೇಬಲ್‌ನ ಸಾಲು ಹೆಸರಿಸುವ ಸಾಲು ಇನ್ನೊಂದು ಟೇಬಲ್‌ನಲ್ಲಿ ನಿಜಕ್ಕೂ ಇದೆಯೇ ಅನ್ನುವ) ತಪಾಸಣೆ ಸಾಮಾನ್ಯವಾಗಿ ಆಫ್ ಇರುತ್ತದೆ, ಪ್ರತಿ ಕನೆಕ್ಷನ್‌ಗೂ ಆನ್ ಮಾಡಬೇಕು. ಅದನ್ನೂ ನಾನೇ ಮಾಡಿಟ್ಟೆ, ಅದನ್ನು ಹುಡುಕಿಸುವುದು ಪರೀಕ್ಷೆ ಅಲ್ಲ ಅಲ್ವಾ.

ಅಸೈನ್‌ಮೆಂಟ್‌ನ ವಿಷಯ ನಮ್ಮ ತೊಗರಿಯ ಹರಾಜು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಲಾಟು, ಕ್ವಿಂಟಲ್, ರೇಟು ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೈತ ಲಾಟು (ಒಟ್ಟಿಗೆ ಮಾರುವ ರಾಶಿ) ತರುತ್ತಾನೆ, ವ್ಯಾಪಾರಿಗಳು ರೇಟು ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಲಾಟು. ಹರಾಜನ್ನು ಬೇಕಂತಲೇ ಇಷ್ಟು ಸರಳ ಮಾಡಿದ್ದೇನೆ. ದುಡ್ಡೆಲ್ಲ ಪೈಸೆಯಲ್ಲಿ, ಪೂರ್ಣಾಂಕವಾಗಿ ಇದೆ, ಫ್ಲೋಟ್ (ದಶಮಾಂಶದ ಸಂಖ್ಯೆ, ಲೆಕ್ಕದಲ್ಲಿ ಸಣ್ಣ ತಪ್ಪು ಬರಬಹುದು) ಎಲ್ಲೂ ಇಲ್ಲ.

ಲಾಟು ಸೇರಿಸುವ ಒಂದು ಎಂಡ್‌ಪಾಯಿಂಟ್ (ಎಪಿಐನ ಒಂದು ವಿಳಾಸ) ಮತ್ತು ಅದನ್ನು ಪರೀಕ್ಷಿಸುವ ಟೆಸ್ಟ್ ಪೂರ್ತಿ ಬರೆದಿದೆ, ಅದನ್ನು ನೋಡಿ ನಮ್ಮ ಶೈಲಿ ಗೊತ್ತಾಗಲಿ ಅಂತ. ಫೇಲ್ ಆಗುವ ಎರಡು ಟೆಸ್ಟ್‌ಗಳನ್ನೂ ಇಟ್ಟಿದ್ದೇನೆ, ಅವನ್ನು ಪಾಸ್ ಮಾಡಿಸುವುದು ಅಭ್ಯರ್ಥಿಯ ಕೆಲಸ. ಒಂದರಲ್ಲಿ ಇಬ್ಬರು ವ್ಯಾಪಾರಿಗಳು ಒಂದೇ ಕ್ಷಣಕ್ಕೆ ರೇಟು ಕೂಗುತ್ತಾರೆ. ಸದ್ಯದ ಹೆಚ್ಚಿನ ರೇಟು ಓದಿ, ಹೋಲಿಸಿ, ಆಮೇಲೆ ಬರೆದರೆ ಆ ನಡುವೆ ಇನ್ನೊಬ್ಬರು ನುಗ್ಗುತ್ತಾರೆ, ಕಡಿಮೆ ಕೂಗಿದವರಿಗೇ ಲಾಟು ಹೋಗಬಹುದು. ಕೆಲವರು ಟ್ರಾನ್ಸಾಕ್ಷನ್ (ಒಟ್ಟಿಗೆ ಆಗಬೇಕಾದ ಡೇಟಾಬೇಸ್ ಕೆಲಸಗಳ ಗುಂಪು) ಶುರುವಿನಲ್ಲೇ ಬೇರೆಯವರು ಬರೆಯದಂತೆ ಬೀಗ ಹಾಕುತ್ತಾರೆ, ಕೆಲವರು "ಹಳೇ ರೇಟು ಇದಕ್ಕಿಂತ ಕಡಿಮೆ ಇದ್ದರೆ ಮಾತ್ರ" ಅನ್ನುವ ಷರತ್ತನ್ನು ಅಪ್‌ಡೇಟ್ ಒಳಗೇ ಹಾಕಿ ಎಷ್ಟು ಸಾಲು ಬದಲಾಯಿತು ಅಂತ ನೋಡುತ್ತಾರೆ. ಎರಡೂ ಸರಿ. ಎರಡನೆಯದು ನನಗೆ ಹೆಚ್ಚು ಇಷ್ಟ.

ಇನ್ನೊಂದು ಟೆಸ್ಟ್ ಕನ್ನಡದ ಹುಡುಕಾಟದ್ದು. ಯೂನಿಕೋಡ್‌ನಲ್ಲಿ "ಬೀ" ಅಕ್ಷರದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಬೀದರ್, ಕಂಪ್ಯೂಟರ್‌ಗೆ ಬೇರೆ ಬೇರೆ. ನಾನು ಕೊಟ್ಟಿರುವ ಡೇಟಾದಲ್ಲಿ ಎರಡೂ ಬಗೆ ಇವೆ. ಎರಡನ್ನೂ ಎನ್‌ಎಫ್‌ಸಿ ಅನ್ನುವ ಯೂನಿಕೋಡ್‌ನ ಒಂದೇ ರೂಪಕ್ಕೆ ತಂದು ಹೋಲಿಸಿದರೆ ಮುಗಿಯಿತು. ಆದರೆ ಇದನ್ನು ಗುಟ್ಟಾಗಿ ಇಟ್ಟಿಲ್ಲ, "ಹುಡುಕಿದರೆ ಬೀದರ್‌ನ ಕೆಲವು ರೈತರು ಸಿಗುತ್ತಿಲ್ಲ" ಅಂತ ರೀಡ್‌ಮಿಯಲ್ಲೇ (ಜೊತೆಗಿರುವ ಸೂಚನೆಗಳ ಫೈಲ್) ದೂರಿನ ರೂಪದಲ್ಲಿ ಬರೆದಿದ್ದೇನೆ. ನಮಗೆ ಕೆಲಸದಲ್ಲಿ ದೂರು ಬರೋದೂ ಹಾಗೇ. ರೀಡ್‌ಮಿ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ.

ಮಿತಿ ಎರಡು ಗಂಟೆ, ಆದರೆ ಒಂದೇ ಸಲ ಕೂರಬೇಕಿಲ್ಲ. ಕರೆಂಟ್ ಹೋದರೆ ಮರುದಿನ ಮುಂದುವರಿಸಲಿ. ಸಣ್ಣ ಸಣ್ಣ ಕಮಿಟ್ (ಬದಲಾವಣೆಯ ದಾಖಲೆ) ಮಾಡಿ ಅಂತ ಕೇಳುತ್ತೇನೆ, ಯಾಕಂದ್ರೆ ಯೋಚನೆ ಎಲ್ಲಿ ತಿರುಗಿತು ಅನ್ನೋದು ಅಲ್ಲಿ ಕಾಣುತ್ತದೆ. ಆಮೇಲೆ ಪಕ್ಕದಲ್ಲಿ ಕೂತು ಅವರದೇ ಕೋಡ್‌ನಲ್ಲಿ ಒಂದು ಬದಲಾವಣೆ ಮಾಡಿಸುತ್ತೇನೆ. ಸ್ವಂತ ಬರೆದವರು ಯಾವ ಫೈಲ್ ತೆರೆಯಬೇಕು ಅಂತ ಹುಡುಕಾಡೋದಿಲ್ಲ.

ಈಗ ಜಾವಾ ಭಾಷೆಯ ಸ್ಪ್ರಿಂಗ್ ಬೂಟ್‌ನಲ್ಲೂ ಇದನ್ನೇ ಕಟ್ಟುತ್ತಿದ್ದೇನೆ, ನಮ್ಮಲ್ಲಿಗೆ ಬರುವವರಲ್ಲಿ ಜಾವಾ ಕಲಿತವರು ಜಾಸ್ತಿ. ಟೆಸ್ಟ್‌ಗಳು ಯಾವ ಭಾಷೆಗೂ ಒಂದೇ ಆಗಿರುವ ಎಚ್‌ಟಿಟಿಪಿ (ವೆಬ್‌ನಲ್ಲಿ ಕೇಳಿ-ಉತ್ತರಿಸುವ ವಿಧಾನ) ಮೂಲಕವೇ ಕೇಳುವುದರಿಂದ ಅವನ್ನು ಹೊಸದಾಗಿ ಬರೆಯಬೇಕಿಲ್ಲ.