ಬೀದರ್ ಕೋಟೆಗೆ ಹಸಿರು ಫಿಲ್ಟರ್: ನನ್ನ ಅನುಭವ

ಬ್ಲ್ಯಾಕ್ ಅಂಡ್ ವೈಟ್ ಫಿಲಂ ಹಾಕಿಕೊಂಡು ಬೀದರ್ ಕೋಟೆಗೆ ಹೋಗುವವರು ಮೊದಲು ಲೆನ್ಸಿಗೆ ಕೆಂಪು ಫಿಲ್ಟರ್ ತಿರುಗಿಸುತ್ತಾರೆ. ನಾನೂ ಮೂರು ವರ್ಷ ಅದನ್ನೇ ಮಾಡಿದೆ. ಆಕಾಶ ಕಪ್ಪಗೆ, ಮೋಡ ಬೆಳ್ಳಗೆ, ನೋಡಿದವರೆಲ್ಲ ಭೇಷ್ ಅಂದರು. ಆದರೆ ಗೋಡೆ? ನಮ್ಮ ಕೋಟೆಯ ಕಲ್ಲೇ ಕೆಂಪು, ಜಂಬಿಟ್ಟಿಗೆ. ಫಿಲ್ಟರ್ ಯಾವ ಬಣ್ಣದ್ದೋ ಆ ಬಣ್ಣ ಚಿತ್ರದಲ್ಲಿ ಬೆಳ್ಳಗಾಗುತ್ತದೆ, ಹಾಗಾಗಿ ಕೆಂಪು ಗಾಜಿನ ಹಿಂದೆ ಅದು ಸುಣ್ಣ ಬಳಿದ ಗೋಡೆ ಆಗಿಬಿಡುತ್ತದೆ. ಕಲ್ಲಿನ ತೂತು, ಮಳೆ ತಿಂದ ಅಂಚು, ಏನೂ ಉಳಿಯಲ್ಲ. ನನಗೆ ಬೇಕಿದ್ದದ್ದು ಗೋಡೆ.

ಹಸಿರು ಹಾಕಿ ನೋಡ್ತೀನಿ ಅಂದಾಗ ಯಾರೂ ಒಪ್ಪಲಿಲ್ಲ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಹೆಸರಿನ ಫಿಲಂ ಕಾಲದಿಂದ ಸ್ಟುಡಿಯೋ ನಡೆಸಿದ ಕಾಕಾ ಒಬ್ಬರಿದ್ದಾರೆ. "ಹಸಿರು ಹಚ್ಚಿದ್ರ ಆಕಾಶ ಬೋಳಾಗ್ತದ ತಮ್ಮಾ, ಸುಮ್ಮ ರೊಕ್ಕ ಹಾಳ ಮಾಡ್ಕೋಬ್ಯಾಡ" ಅಂದರು. ಗೆಳೆಯರ ಮಾತೂ ಅದೇ: ಹಸಿರು ಗಿಡಕ್ಕೆ, ಮುಖಕ್ಕೆ, ಕೋಟೆಗಲ್ಲ.

ಮೊದಲ ಸಲ ಖರ್ಚು ಉಳಿಸಲು ಹೋದೆ. ಮದುವೆ ಲೈಟಿಗೆ ಕಟ್ಟುವ ಹಸಿರು ಜಿಲೆಟಿನ್ ಹಾಳೆ, 20 ರೂಪಾಯಿಯದ್ದು, ದುಂಡಗೆ ಕತ್ತರಿಸಿ ಲೆನ್ಸಿನ ಮುಂದೆ ಟೇಪ್ ಹಚ್ಚಿದೆ. 36 ಚಿತ್ರದಲ್ಲಿ ಒಂದೂ ಚೂಪಾಗಿ ಬರಲಿಲ್ಲ. ಸುಮಾರು 650 ರೂಪಾಯಿಯ ಕೆಂಟ್‌ಮಿಯರ್ ರೋಲ್ ಹೋಯಿತು. ಆಮೇಲೆ ಹೈದರಾಬಾದಿಗೆ ಬಸ್ ಹತ್ತಿ, ಕೋಠಿಯಲ್ಲಿ ಹುಡುಕಿ, ಹೋಯಾ ಕಂಪನಿಯ ಹಳೇ ಹಸಿರು ಗಾಜಿನ ಫಿಲ್ಟರ್ ಎಕ್ಸ್1 ತಂದೆ, ನನ್ನ ಲೆನ್ಸಿನ ಬಾಯಿಗೆ ಕೂರುವ 49 ಎಂಎಂ ಅಳತೆಯದ್ದು. ಅಂಚು ಸ್ವಲ್ಪ ಸೊಟ್ಟಗಿತ್ತು, ಗಾಜು ಚೊಕ್ಕ ಇತ್ತು. ಅಂಗಡಿಯವ 700 ಹೇಳಿದ, 450ಕ್ಕೆ ಕೊಟ್ಟ.

ಮುಂದಿನ ಎರಡು ರೋಲ್ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಂಬಿ ಕಳೆದುಕೊಂಡೆ. ನನ್ನದು ಪೆಂಟಾಕ್ಸ್ ಕೆ1000. ಅದರ ಸಿಡಿಎಸ್ ಮೀಟರಿಗೆ ಕೆಂಪು ಬೆಳಕು ಜಾಸ್ತಿ ಕಾಣಿಸುತ್ತದೆ, ಹಾಗಾಗಿ ಕೆಂಪು ಫಿಲ್ಟರ್ ಹಾಕಿ ಅಳೆದರೆ ಒಂದು ಸ್ಟಾಪ್ ಹತ್ತಿರ, ಅಂದರೆ ಸುಮಾರು ಅರ್ಧದಷ್ಟು, ಕಡಿಮೆ ಬೆಳಕು ಕೊಡುತ್ತೀರಿ. ಇದು ಗೊತ್ತಿದ್ದೇ ನಾನು ಹಸಿರಿಗೂ ಹಾಗೇ ಅಂದುಕೊಂಡು, ಮೀಟರ್ ಹೇಳಿದ್ದಕ್ಕೆ ಒಂದು ಸ್ಟಾಪ್ ಸೇರಿಸಿದೆ. ನೆಗೆಟಿವ್ ಇಂಗಾಲದ ಹಾಗೆ ದಟ್ಟ ಬಂತು, ಮೋಡದಲ್ಲಿ ಏನೂ ಇಲ್ಲ. ಈಗ ಫಿಲ್ಟರ್ ಬಿಚ್ಚಿ ಅಳೆಯುತ್ತೇನೆ, ಕೈಯಲ್ಲೇ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡುತ್ತೇನೆ. ಎಚ್‌ಪಿ5 ಫಿಲಂಗೆ ಒಳ್ಳೆ ಬಿಸಿಲಲ್ಲಿ ಎಫ್16ಕ್ಕೆ 1/500 ಸೆಕೆಂಡ್ ಬಂದರೆ ಹಸಿರಿಗೆ 1/125. ಅಷ್ಟೇ.

ಹೊತ್ತೂ ಮುಖ್ಯ. ಏಪ್ರಿಲ್‌ನಲ್ಲಿ ಬಿಸಿಲು 40 ದಾಟಿದಾಗ ಒಂದು ರೋಲ್ ತೆಗೆದೆ. ಧೂಳಿಗೆ ಆಕಾಶವೇ ಹಾಲಿನ ಬಣ್ಣ. ಅದಕ್ಕೆ ಕೆಂಪೂ ನಡೆಯಲ್ಲ, ಹಸಿರೂ ನಡೆಯಲ್ಲ. ನಲ್ಲಿ ನೀರೂ 32 ಡಿಗ್ರಿ, ಫಿಲಂ ತೊಳೆಯುವ ಡೆವಲಪರ್ 20ಕ್ಕೆ ಇಳಿಸಲು ಗಡಿಗೆ ನೀರು, ಐಸು ಅಂತ ಒಂದು ಗಂಟೆ ಒದ್ದಾಡಿದೆ.

ಕೆಲಸ ಆದದ್ದು ಆಗಸ್ಟ್‌ನಲ್ಲಿ. ಎರಡು ದಿನ ಮಳೆ ಹೊಡೆದು ಬೆಳಿಗ್ಗೆ ಬಿಸಿಲು ಬಿತ್ತು. ಮೂರು ಸಾಲಿನ ಕಂದಕದ ಬದಿಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಫಿಲ್ಟರ್ ಇಲ್ಲದೆ ತೆಗೆದರೆ ಹುಲ್ಲು, ಗೋಡೆ ಎರಡೂ ಒಂದೇ ಬೂದು, ಎಲ್ಲಿ ಏನು ಅಂತ ತಿಳಿಯಲ್ಲ. ಹಸಿರಲ್ಲಿ ಹುಲ್ಲು ಬೆಳಗಿತು, ಗೋಡೆ ಕಪ್ಪಿನ ಕಡೆ ಇಳಿಯಿತು. ಒಂದೊಂದು ತೂತಿನ ಒಳಗೂ ಕಪ್ಪು, ಅದರ ಬಾಯಿಗೆ ದಾರದಷ್ಟು ಬಿಸಿಲು. ಆಕಾಶವೂ ಬೋಳಾಗಲಿಲ್ಲ. ಎಕ್ಸ್1 ಗಾಜು ನೀಲಿಯನ್ನೂ ತಡೆಯುತ್ತದೆ ಅಲ್ವಾ? ಹಳದಿ ಫಿಲ್ಟರ್ ಕೊಡುವಷ್ಟು ಬೂದು ಬಂತು, ಮೋಡ ಎದ್ದು ನಿಂತಿತು. ಕಾಕಾ ನೆಗೆಟಿವ್ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ಬಹಳ ಹೊತ್ತು ನೋಡಿದರು. ಆ 10x12 ಇಂಚಿನ ಪ್ರಿಂಟ್ ಈಗ ಅವರ ಕೌಂಟರ್ ಹಿಂದೆ ಇದೆ. ಬೀದರ್ ಗೋಡೆಯನ್ನು ಹೀಗೆ ತೆಗೆದವರನ್ನು ನಾನಂತೂ ನೋಡಿಲ್ಲ.

ಫಿಲ್ಟರ್, ಏಳು ರೋಲ್, ಕೆಮಿಕಲ್, ಬಸ್ ಎಲ್ಲ ಸೇರಿ ಎಂಟು ಒಂಬತ್ತು ಸಾವಿರ ಹೋಗಿರಬೇಕು. ಡೆವಲಪ್ ಎಷ್ಟು ನಿಮಿಷ ಕಡಿಮೆ ಮಾಡಿದೆ, ಕಂದಕದ ಯಾವ ಮೂಲೆಯಲ್ಲಿ ನಿಂತೆ, ಇವೆರಡು ಸದ್ಯ ನನ್ನ ಹತ್ತಿರವೇ ಇರಲಿ. ಒಂದು ಮಾತು ಮಾತ್ರ: 28 ಎಂಎಂ ಲೆನ್ಸಿಗೆ ಹಸಿರಿನ ಮೇಲೆ ಪೋಲರೈಸರ್ (ನೀರು, ಗಾಜಿನ ಹೊಳಪು ಕತ್ತರಿಸುವ ಫಿಲ್ಟರ್) ಪೇರಿಸಬೇಡಿ, ನಾಲ್ಕೂ ಮೂಲೆ ಕಪ್ಪಾಗುತ್ತದೆ.

ಪೋಲರೈಸರ್ ಅಂದಾಗ ನೆನಪಾಯಿತು, ಬಿದ್ರಿ ಹೂಜಿ ಮೇಲೂ ಅದನ್ನು ಹಾಕಿ ನೋಡಿದೆ. ಬೆಳ್ಳಿ ಎಳೆಯ ಹೊಳಪು ತಿರುಗಿಸಿದಷ್ಟೂ ಹಾಗೇ ಇತ್ತು, ಲೋಹದ ಹೊಳಪನ್ನು ಅದು ಕತ್ತರಿಸಲ್ಲ. ಕೊನೆಗೆ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದ್ದೇ ಸರಿಹೋಯಿತು.

ಇನ್ನು ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ, ಗೋಡೆಗೆ ನೀಲಿ ಹೆಂಚು. ಅಲ್ಲಿ ಹಸಿರು ಸೋತಿತು, ನೀಲಿ ಹೆಂಚು ಮತ್ತು ಹೆಂಚು ಉದುರಿದ ಗೋಡೆ ಒಂದೇ ಬಣ್ಣ ಆಯಿತು. ಕಿತ್ತಳೆ ಹಾಕಿದೆ. ನೀಲಿ ಕಪ್ಪಾಗಿ, ಹೆಂಚಿನ ಮೇಲಿನ ಬಿಳಿ ಅಕ್ಷರ ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಹಟಕ್ಕೆ 80ಎ ನೀಲಿ ಫಿಲ್ಟರ್ ಕೂಡ ತಂದಿದ್ದೆ, ಅದರಲ್ಲಿ ಹೆಂಚು ಬೆಳ್ಳಗಾಗಿ ಅಕ್ಷರವೇ ಅಳಿಸಿಹೋಯಿತು. ಆ 80ಎ ಯಾರಿಗಾದರೂ ಬೇಕಿದ್ದರೆ ಹೇಳಿ. 49 ಎಂಎಂ, ಗಾಜಿಗೆ ಒಂದು ಗೀರೂ ಇಲ್ಲ, 200ಕ್ಕೆ ಕೊಡುತ್ತೇನೆ.