ಹಾಲೋ ನೈಟ್‌ನಲ್ಲಿ ದಾರಿ ಸಿಗದಿದ್ದಾಗ: ಜಾಗ ಬೇಡ, ಅಡ್ಡಿ ಬರೆದಿಡಿ

ಹಾಲೋ ನೈಟ್ ಅನ್ನೋ ವಿಡಿಯೋ ಗೇಮನ್ನು ಅರ್ಧಕ್ಕೆ ಬಿಟ್ಟವರನ್ನು ಯಾಕೆ ಅಂತ ಕೇಳಿ. ನನಗೆ ಗೊತ್ತಿರುವ ಹೆಚ್ಚಿನವರು ಹೇಳೋದು ಒಂದೇ ಮಾತು, "ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಾಗ್ಲಿಲ್ಲ." ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡ 2017ರಲ್ಲಿ ತಂದ ಈ ಆಟದಲ್ಲಿ ಬಾಣದ ಗುರುತು ಹಾಕಿ ದಾರಿ ತೋರಿಸುವವರಿಲ್ಲ. ನೋಡಿದ ಜಾಗಕ್ಕೇ ಮತ್ತೆ ಮತ್ತೆ ವಾಪಸ್ ಹೋಗಬೇಕು. ನನಗಂತೂ ಆಟದಲ್ಲಿ ಅದೇ ಜಾಸ್ತಿ ಇಷ್ಟ.

ಆಟದೊಳಗೆ ಸಿಗುವ ಮೊದಲ ದುಡ್ಡನ್ನು (ಅದಕ್ಕೆ ಅಲ್ಲಿ ಜಿಯೋ ಅಂತಾರೆ) ಮ್ಯಾಪಿಗೇ ಹಾಕಿ. ಆಟದಲ್ಲಿ ಮೊದಲು ಸಿಗುವ ಊರು ಡರ್ಟ್‌ಮೌತ್‌ನಲ್ಲಿ ಇಸೆಲ್ಡಾಳ ಅಂಗಡಿಯಲ್ಲಿ ಕ್ವಿಲ್ (ಗರಿಯ ಲೇಖನಿ) ಮತ್ತು ಕಂಪಾಸ್ ಸಿಗುತ್ತವೆ. ಕ್ವಿಲ್ ಇಲ್ಲದಿದ್ದರೆ ನೀವು ಹೊಸದಾಗಿ ನೋಡಿದ ಕೋಣೆ ಮ್ಯಾಪಿಗೆ ಸೇರುವುದೇ ಇಲ್ಲ. ಆಯಾ ಪ್ರದೇಶದ ಮ್ಯಾಪ್ ಮಾರುವವನು ಅವಳ ಗಂಡ ಕಾರ್ನಿಫರ್. ನೆಲದ ಮೇಲೆ ಕಾಗದದ ಚೂರು ಬಿದ್ದಿದ್ದರೆ, ಯಾರೋ ಗುನುಗುವ ದನಿ ಕೇಳಿದರೆ, ಅವನು ಹತ್ತಿರದಲ್ಲೇ ಇದ್ದಾನೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡೇ ಆಡಿ. ನಮ್ಮ ಸುಂಟಿಕೊಪ್ಪದಲ್ಲಿ ಜುಲೈ ತಿಂಗಳ ಮಳೆ ತಗಡಿನ ಮೇಲೆ ಬೀಳುವಾಗ ಬರೀ ಸ್ಪೀಕರಿನಲ್ಲಿ ಆ ಗುನುಗು ಕೇಳಿಸಲ್ಲ.

ಬೆಂಚ್ ಕಂಡರೆ ಕೂತೇ ಮುಂದೆ ಹೋಗಿ. ಮ್ಯಾಪಿನಲ್ಲಿ ಹೊಸ ಕೋಣೆ ಮೂಡುವುದು ಬೆಂಚಿನ ಮೇಲೆ ಕೂತಾಗಲೇ. ಕರೆಂಟ್ ಹೋಗಿ ಆಟ ನಿಂತರೂ ಮುಂದೆ ಶುರುವಾಗುವುದು ಕೊನೆಗೆ ಕೂತ ಬೆಂಚಿನಿಂದ. ಮಳೆಗಾಲದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈಗ ಮುಖ್ಯ ವಿಷಯ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದರಲ್ಲಿ ಊರಿನ ಹೆಸರಿಗೊಂದು ಪುಟ ಬೇಡ, ಅಡ್ಡಿಗೊಂದು ಪುಟ ಇರಲಿ. ನನ್ನ ಪುಸ್ತಕದಲ್ಲಿ "ಎತ್ತರದ ಗೋಡೆ", "ಆಸಿಡ್ ನೀರು", "ಕತ್ತಲೆ", "ಟೊಳ್ಳು ನೆಲ", "ಉದ್ದನೆ ಮುಳ್ಳಿನ ಹಳ್ಳ" ಅಂತ ಪುಟಗಳಿವೆ. ಅಡ್ಡಿ ಸಿಕ್ಕಿದಾಗ ಆ ಪುಟದಲ್ಲಿ ಜಾಗದ ಹೆಸರು, ಹತ್ತಿರದ ಬೆಂಚ್, ಇಷ್ಟು ಬರೆದು ಮುಂದೆ ನಡೆಯಿರಿ. ಕಾಫಿ ಕುಯ್ಲಿನಲ್ಲಿ ಹಣ್ಣಾದದ್ದನ್ನು ಕುಯ್ದು, ಕಾಯಿಯನ್ನು ಮುಂದಿನ ಸುತ್ತಿಗೆ ಬಿಡುವ ಹಾಗೆ.

ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಗೋಡೆಯ ಕೆಳಗೆ ಹಾರಿ ಹಾರಿ ಸುಸ್ತಾಗಿದ್ದ. "ಮಾಮ, ಇನ್ನೊಂಚೂರು ಹಾರಿದ್ರೆ ಸಿಗುತ್ತೆ, ನೋಡು!" ಅಂದ. ಸಿಗಲ್ಲ. ಚೆನ್ನಾಗಿ ಹಾರಿದರೂ ಬೆರಳಷ್ಟು ಅಂತರ ಉಳಿದರೆ, ಅಲ್ಲಿಗೆ ಬೇರೆ ಶಕ್ತಿ ಬೇಕು ಅಂತಲೇ ಅರ್ಥ. ಎರಡು ಮೂರು ಸಲ ನೋಡಿ, ಬರೆದುಕೊಂಡು ಬಿಟ್ಟುಬಿಡಿ. ಅವನೂ ಬರೆದುಕೊಂಡ. ಆಮೇಲೆ ಫಂಗಲ್ ವೇಸ್ಟ್ಸ್ ಅನ್ನೋ ಪ್ರದೇಶದ ಕೆಳಗೆ ಮ್ಯಾಂಟಿಸ್ ಹಳ್ಳಿಯಲ್ಲಿ ಮ್ಯಾಂಟಿಸ್ ಕ್ಲಾ ಸಿಕ್ಕಿತು. ಗೋಡೆಗೆ ಅಂಟಿಕೊಂಡು ಹತ್ತುವ ಶಕ್ತಿ ಅದು. ನಾನು "ಎತ್ತರದ ಗೋಡೆ" ಪುಟ ತೆಗಿ ಅಂದೆ. ಮೊದಲನೇ ಸಾಲಿನಲ್ಲೇ ಕಿಂಗ್ಸ್ ಪಾಸ್ ಇತ್ತು, ಆಟ ಶುರುವಾಗುವ ಜಾಗ! ಅಲ್ಲಿಂದ ಮೇಲೆ ಹತ್ತಿದರೆ ಹೌಲಿಂಗ್ ಕ್ಲಿಫ್ಸ್. ಮೊದಲ ದಿನ ಸುಮ್ನೆ ದಾಟಿ ಬಂದಿದ್ದ ಕಡೆ ಅಷ್ಟು ದೊಡ್ಡ ಪ್ರದೇಶ ತೆರೆದುಕೊಂಡಾಗ ಅವನ ಮುಖ ನೋಡಬೇಕಿತ್ತು.

ಉಳಿದ ಪುಟಗಳೂ ಹೀಗೇ. ಸೋಲ್ ಮಾಸ್ಟರ್ ಅನ್ನೋ ದೊಡ್ಡ ವೈರಿಯನ್ನು ಸೋಲಿಸಿದ ಮೇಲೆ ನೆಲಕ್ಕೆ ಅಪ್ಪಳಿಸಿ ಒಡೆಯುವ ಡೆಸೊಲೇಟ್ ಡೈವ್ ಬರುತ್ತದೆ, ಆಗ "ಟೊಳ್ಳು ನೆಲ" ಪುಟ ತೆಗೆಯಿರಿ. ಮುಳ್ಳಿನ ಹಳ್ಳಕ್ಕೆ ನೇರವಾಗಿ ದೂರ ಹಾರಿಸುವ ಕ್ರಿಸ್ಟಲ್ ಹಾರ್ಟ್, ಆಸಿಡ್‌ಗೆ ಅದರಲ್ಲಿ ಈಜಲು ಬಿಡುವ ಇಸ್ಮಾಸ್ ಟಿಯರ್. ಕತ್ತಲೆಗೆ ಮಾತ್ರ ದುಡ್ಡು ಕೂಡಿಡಬೇಕು. ಡರ್ಟ್‌ಮೌತ್‌ನ ಇನ್ನೊಬ್ಬ ವ್ಯಾಪಾರಿ ಸ್ಲೈ ಅಂಗಡಿಯ ಲಾಂದ್ರಕ್ಕೆ 1800 ಜಿಯೋ. ದುಬಾರಿ ಅನಿಸಿದರೂ ತೆಗೆದುಕೊಳ್ಳಿ.

ವಾಪಸ್ ಹೋಗುವಾಗ ಒಂದೇ ಗುರುತಿಗೋಸ್ಕರ ನಡೆಯಬೇಡಿ. ಒಂದು ದಿಕ್ಕಿನಲ್ಲಿ ಮೂರ್ನಾಲ್ಕು ಸೇರಿದ ಮೇಲೆ ಹೊರಡಿ. ಸ್ಟ್ಯಾಗ್ (ಬೆನ್ನ ಮೇಲೆ ಕೂರಿಸಿಕೊಂಡು ಹೋಗುವ ದೊಡ್ಡ ಜೀರುಂಡೆ) ನಿಲ್ದಾಣ ಕಂಡಾಗಲೆಲ್ಲ ಜಿಯೋ ಕೊಟ್ಟು ತೆರೆದಿಡಿ, ಅರ್ಧ ನಡಿಗೆ ತಪ್ಪುತ್ತದೆ. ಗೊತ್ತಿಲ್ಲದ ಜಾಗಕ್ಕೆ ಇಳಿಯುವ ಮುಂಚೆ ಕೈಯಲ್ಲಿರುವ ದುಡ್ಡು ಖರ್ಚು ಮಾಡಿ. ಸತ್ತರೆ ಜಿಯೋ ಎಲ್ಲ ಸತ್ತ ಕಡೆ ಕಾಯುವ ನಿಮ್ಮದೇ ನೆರಳಿನ ಹತ್ತಿರ ಉಳಿಯುತ್ತದೆ. ಅದನ್ನು ಹೊಡೆದು ವಾಪಸ್ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಪೂರ್ತಿ ಹೋಯಿತು.

ಎಲ್ಲ ಪುಟ ಖಾಲಿಯಾದರೂ ದಾರಿ ಕಾಣದಿದ್ದರೆ ಮ್ಯಾಪಿನಲ್ಲಿ ಕೋಣೆಗಳ ಅಂಚು ನೋಡಿ. ಗೆರೆ ಮುಚ್ಚದೆ ಬಾಯಿ ಬಿಟ್ಟುಕೊಂಡಿರುವ ಕಡೆ ನೀವಿನ್ನೂ ಕಾಲಿಟ್ಟಿಲ್ಲ. ಅಲ್ಲಿಂದ ಶುರು ಮಾಡಿ.